ಒತ್ತುವುದಕ್ಕೂ ಓಡುವುದಕ್ಕೂ ನಡುವೆ: ದುರ್ಗಸೀಮೆಯ ಟರ್ಬೊ ಮೀಮಾಂಸೆ

ವಿಷಯ ಪ್ರವೇಶ

ಆಕ್ಸಿಲರೇಟರ್ ಪೆಡಲನ್ನು ಬಲಗಾಲು ಒತ್ತಿದ ಕ್ಷಣ ಒಂದು. ಹಾಗೆ ಒತ್ತಿದ್ದು ಎಂಜಿನ್ನಿಗೆ ಮನವರಿಕೆಯಾಗಿ ಕಾರು ಮುಂದಕ್ಕೆ ಜಿಗಿಯುವ ಕ್ಷಣ ಇನ್ನೊಂದು. ಇವೆರಡರ ನಡುವಿನ ಅವಕಾಶಕ್ಕೆ ಟರ್ಬೊ ಲ್ಯಾಗ್ ಎಂದು ಹೆಸರು. ಈ ಅವಕಾಶದಲ್ಲಿ ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಎಂಜಿನಿಯರುಗಳು ಗ್ರಾಫ್ ಸಮೇತ ಬರೆದಿದ್ದಾರೆ. ಕಾರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಯಾರೂ ಬರೆದಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯವರು ಕಣ್ಣುಮುಚ್ಚಿ ಮನೆದೇವರನ್ನು ನೆನೆಯುವುದು, ಪಕ್ಕದ ಸೀಟಿನಲ್ಲಿ ಹೆಂಡತಿ ಇಲ್ಲದ ಬ್ರೇಕನ್ನು ತುಳಿಯುವುದು, ಮಗ ಕಿಟಕಿಗೆ ಮೂಗು ಒತ್ತಿ "ಅಪ್ಪಾ, ಲಾರಿ ಡ್ರೈವರ್ ನಮ್ಮನ್ನೇ ನೋಡ್ತಿದಾನೆ" ಎಂದು ವರದಿ ಒಪ್ಪಿಸುವುದು, ಇವುಗಳ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ.

ಕ್ಷೇತ್ರಕಾರ್ಯಕ್ಕೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಳ್ಳಲಾಗಿದೆ. ಜಿಲ್ಲೆಯ ಉಳಿದೆರಡು ತಾಲ್ಲೂಕುಗಳಾದ ಚಳ್ಳಕೆರೆ, ಮೊಳಕಾಲ್ಮೂರುಗಳನ್ನು ಕೈಬಿಟ್ಟದ್ದಕ್ಕೆ ಶಾಸ್ತ್ರೀಯ ಕಾರಣವೇನೂ ಇಲ್ಲ. ಅಲ್ಲಿ ನಮಗೆ ನೆಂಟರಿಲ್ಲ. ದುರ್ಗದಲ್ಲಿ ಮನೆ, ಹೊಸದುರ್ಗದಲ್ಲಿ ಮಾವನ ಮನೆ, ಹೊಳಲ್ಕೆರೆ ಬಳಿ ದೊಡ್ಡಪ್ಪನ ಅಡಿಕೆ ತೋಟ, ಹಿರಿಯೂರಿನಲ್ಲಿ ನಂಬಿಕಸ್ಥ ಮೆಕ್ಯಾನಿಕ್. ಸಂಶೋಧನೆಯ ಭೂಗೋಳ ಇಂಥ ಸಂಗತಿಗಳಿಂದಲೇ ತೀರ್ಮಾನವಾಗುತ್ತದೆ; ವಿಶ್ವವಿದ್ಯಾಲಯಗಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಉಪಕರಣ ಒಂದು ಟರ್ಬೊ ಡೀಸೆಲ್ ಸೆಡಾನ್. ಅದರ ಕಂಪನಿಯ ಹೆಸರನ್ನು ಗೋಪ್ಯವಾಗಿಡಲಾಗಿದೆ. ಮುಂದೆ ಮಾರುವಾಗ ಕೊಳ್ಳಲು ಬಂದ ಗಿರಾಕಿ ಈ ಪ್ರಬಂಧ ಓದಿರಬಾರದು.

ಹಳೆಯ ಪದ್ಧತಿಯಂತೆ ಅಧಿಕಾರಿ ನಿರ್ಣಯವೂ ಆಗಬೇಕು. ಈ ಶಾಸ್ತ್ರಕ್ಕೆ ಅರ್ಹರು ಯಾರು? ಸ್ಪೋರ್ಟ್ಸ್ ಕಾರು ಇಟ್ಟವರಲ್ಲ. ಅವರಿಗೆ ಲ್ಯಾಗ್ ಎಂಬುದು ಒಂದು ಶೋಕಿ. ಲಾರಿ ಚಾಲಕರೂ ಅಲ್ಲ. ಅವರು ಆಸೆಯನ್ನು ಗೆದ್ದವರು, ಓವರ್‌ಟೇಕ್ ಮಾಡಲೇಬೇಕೆಂಬ ಹಟ ಅವರಿಗಿಲ್ಲ. ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ, ಸೀಟುಗಳಲ್ಲಿ ಐದು ಜನ, ತಲೆಯಲ್ಲಿ ಕಂತಿನ ಲೆಕ್ಕ, ಎಸಿ 2ನೇ ನಂಬರಿನಲ್ಲಿ, ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರ್. ಇಷ್ಟೂ ಲಕ್ಷಣಗಳು ಕೂಡಿದ ಗೃಹಸ್ಥನೇ ಅಧಿಕಾರಿ.

ಪೂರ್ವಾಚಾರ್ಯರು

ಈ ದರ್ಶನದ ಮೂಲಪುರುಷ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಪೇಟೆಂಟ್ ಪಡೆದದ್ದು 1905ರಲ್ಲಿ. ಎಂಜಿನ್ ಉಸಿರುಬಿಟ್ಟಾಗ ಬಿಸಿ ಹೊಗೆ ಸುಮ್ಮನೆ ಹೊರಗೆ ಹೋಗುತ್ತದೆ. ಅದರ ದಾರಿಗೆ ಒಂದು ಚಕ್ರ ಅಡ್ಡ ಇಟ್ಟರೆ ಅದು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರ ಕೂರಿಸಿದರೆ ಅದು ಹೊರಗಿನ ಗಾಳಿಯನ್ನು ಹಿಡಿದು, ಒತ್ತಿ, ಎಂಜಿನ್ನಿಗೆ ತುರುಕುತ್ತದೆ. ಹೆಚ್ಚು ಗಾಳಿ ಇದ್ದಲ್ಲಿ ಹೆಚ್ಚು ಇಂಧನ ಉರಿಯುತ್ತದೆ, ಸಣ್ಣ ಎಂಜಿನ್ ದೊಡ್ಡ ಎಂಜಿನ್ನಿನ ಕೆಲಸ ಮಾಡುತ್ತದೆ. ವ್ಯರ್ಥವಾಗುವ ಹೊಗೆಯಿಂದಲೇ ಬಲ ತೆಗೆಯುವ ಈ ಉಪಾಯ ಕೇಳಿದರೆ ನಮ್ಮ ಕಡೆಯ ಯಾವ ಜಮೀನ್ದಾರನಿಗಾದರೂ ಆನಂದಬಾಷ್ಪ ಬರಬೇಕು.

ಆದರೆ ತರ್ಕಶಾಸ್ತ್ರದ ಕಣ್ಣಿನಿಂದ ನೋಡಿದರೆ ಇಲ್ಲೊಂದು ದೋಷವಿದೆ, ಅದಕ್ಕೆ ಅನ್ಯೋನ್ಯಾಶ್ರಯ ಎಂದು ಹೆಸರು. ಟರ್ಬೊ ಜೋರಾಗಿ ತಿರುಗಲು ಹೊಗೆ ಬೇಕು. ಹೊಗೆ ಜೋರಾಗಿ ಬರಲು ಇಂಧನ ಜೋರಾಗಿ ಉರಿಯಬೇಕು. ಇಂಧನ ಜೋರಾಗಿ ಉರಿಯಲು ಗಾಳಿ ಬೇಕು. ಗಾಳಿ ಬರಲು ಟರ್ಬೊ ಜೋರಾಗಿ ತಿರುಗಬೇಕು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಎಂದು ನಮ್ಮ ಹಿರಿಯರು ಇದನ್ನೇ ಒಂದೂ ಪೇಟೆಂಟ್ ಇಲ್ಲದೆ ಹೇಳಿಟ್ಟಿದ್ದಾರೆ. ಮದುವೆ ಹೇಗೂ ಆಗುತ್ತದೆ, ಟರ್ಬೊ ಹೇಗೂ ತಿರುಗುತ್ತದೆ. ಆದರೆ ಎಂಜಿನ್, ಟರ್ಬೊ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುವ ಒಂದು ಗಳಿಗೆ ಇದೆಯಲ್ಲ, ಅದೇ ಲ್ಯಾಗ್.

ಬ್ಯೂಖಿಯವರ ಸ್ವಂತ ಉಪಾಯಕ್ಕೂ ಲ್ಯಾಗ್ ತಪ್ಪಲಿಲ್ಲ. 1905ರಲ್ಲಿ ಒತ್ತಿದ ಪೆಡಲಿಗೆ ಡೀಸೆಲ್ ಹಡಗುಗಳು ಓಗೊಟ್ಟದ್ದು 1920ರ ದಶಕದಲ್ಲಿ. ಮಾರಾಟದ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. 1977ರಲ್ಲಿ ರೆನೋ ಕಂಪನಿ ಸಿಲ್ವರ್‌ಸ್ಟೋನ್‌ನಲ್ಲಿ ಮೊದಲ ಬಾರಿ ಟರ್ಬೊ ಕಾರನ್ನು ಫಾರ್ಮುಲಾ ಒನ್ ಕಣಕ್ಕೆ ಇಳಿಸಿದಾಗ ಅದು ಆಗಾಗ ಕೆಟ್ಟು ಹೊಗೆಯಾಡುತ್ತಿದ್ದುದರಿಂದ ಜನ ಅದನ್ನು ಹಳದಿ ಟೀ ಕೆಟಲ್ ಎಂದು ಗೇಲಿ ಮಾಡಿದರು. ಎರಡು ವರ್ಷ ಕಳೆದು 1979ರಲ್ಲಿ ಅದೇ ಕಂಪನಿಯ ಟರ್ಬೊ ಕಾರು ಫ್ರಾನ್ಸಿನಲ್ಲಿ ಗೆದ್ದಿತು. ಗೇಲಿ ಮಾಡಿದವರೆಲ್ಲ ಟರ್ಬೊ ಹಾಕಿಸಿಕೊಂಡರು. ಇದು ಯುರೋಪಿನ ಕತೆ. ನಮಗೆ ಮುಖ್ಯವಾದದ್ದು ಬೇರೆ: ಬ್ಯೂಖಿ ಪೇಟೆಂಟ್ ಕಚೇರಿಗೆ ಹೋದ ದಿನಗಳಲ್ಲೇ ಹಿರಿಯೂರಿನ ಪಕ್ಕದ ಮಾರಿಕಣಿವೆಯಲ್ಲಿ ಜನ ಕಲ್ಲು ಹೊರುತ್ತಿದ್ದರು.

ವಾಣಿವಿಲಾಸ ಪ್ರಮೇಯ

ಮಾರಿಕಣಿವೆಯ ಆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಕಲ್ಲಿನ ಗೋಡೆ, ವೇದಾವತಿಯ ನೀರಿಗೆ ತಡೆ, ಸುಮಾರು 30 ಟಿಎಂಸಿ ಜಾಗ. ಮೈಸೂರು ಸಂಸ್ಥಾನ ಪೆಡಲನ್ನು ಪೂರ್ತಿ ತಳಕ್ಕೆ ಒತ್ತಿತ್ತು. ಕೋಡಿ ಬಿದ್ದದ್ದು 1933ರಲ್ಲಿ. ಅಂದರೆ ಒತ್ತಿದ್ದಕ್ಕೂ ಬಂದದ್ದಕ್ಕೂ ನಡುವೆ 26 ವರ್ಷ. ಲೋಕದಲ್ಲಿ ಇದಕ್ಕಿಂತ ದೀರ್ಘವಾದ ಲ್ಯಾಗ್ ದಾಖಲಾಗಿದೆಯೇ ಎಂದು ಹುಡುಕಿದಾಗ ಸಿಕ್ಕಿತು, ಅದೇ ಅಣೆಕಟ್ಟಿನಲ್ಲಿ. ಎರಡನೇ ಸಲ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಮೊದಲ ಕೋಡಿ ಕಂಡವರ ಮೊಮ್ಮಕ್ಕಳು ಎರಡನೇ ಕೋಡಿಗೆ ಮೊಬೈಲ್ ಹಿಡಿದು ಬಂದರು.

ಅಣೆಕಟ್ಟು ತುಂಬಲು ಇಷ್ಟೇಕೆ ತಡ? ವೇದಾವತಿ ಬರುವುದು ಬಾಬಾಬುಡನ್‌ಗಿರಿಯ ಕಡೆಯಿಂದ. ವೇದಾ, ಅವತಿ ಎಂಬ ಎರಡು ಹಳ್ಳಗಳು ಕಡೂರಿನ ಬಳಿ ಕೂಡಿದರೆ ವೇದಾವತಿ. ಆ ಹಳ್ಳಗಳ ಮೇಲೆ ಅಯ್ಯನಕೆರೆ, ಮದಗದಕೆರೆ. ಮೇಲಿನ ಕೆರೆಗಳೆಲ್ಲ ತುಂಬಿ, ಉಕ್ಕಿ, ಮಿಕ್ಕಿದ್ದು ಮಾತ್ರ ಮಾರಿಕಣಿವೆಗೆ. ಟರ್ಬೊ ಕಾರಿನಲ್ಲೂ ಇದೇ ವ್ಯವಸ್ಥೆ. ಟರ್ಬೊ ಒತ್ತಿದ ಗಾಳಿ ನೇರವಾಗಿ ಎಂಜಿನ್ನಿಗೆ ಹೋಗುವುದಿಲ್ಲ. ಒತ್ತಿದ ಗಾಳಿ ಕಾಯುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ರೇಡಿಯೇಟರಿನಂಥ ಪೆಟ್ಟಿಗೆಯ ಮೂಲಕ ಹಾಯಿಸಿ ತಣ್ಣಗಾಗಿಸಬೇಕು. ಹೋಗುವ ಕೊಳವೆ ತುಂಬಬೇಕು, ಇಂಟರ್‌ಕೂಲರ್ ತುಂಬಬೇಕು, ಬರುವ ಕೊಳವೆ ತುಂಬಬೇಕು. ಅಷ್ಟೂ ಮೇಲಿನ ಕೆರೆಗಳು ತುಂಬಿದ ಮೇಲೆ ಎಂಜಿನ್ ಎಂಬ ಹಿರಿಯೂರಿಗೆ ಪಾಲು.

ಮೂರನೇ ಕೋಡಿ ಬಂದದ್ದು 2025ರ ಜನವರಿಯಲ್ಲಿ. 89 ವರ್ಷ ಕಾದ ಜಾಗದಲ್ಲಿ ಎರಡೂವರೆ ವರ್ಷವೂ ಹಿಡಿಯಲಿಲ್ಲ! ಇದಕ್ಕೆ ಕಾರಣವನ್ನು ನಮ್ಮ ಶಾಸ್ತ್ರ ಒಂದೇ ಮಾತಿನಲ್ಲಿ ಹೇಳುತ್ತದೆ: ಅಣೆಕಟ್ಟಿಗೆ ಟರ್ಬೊ ಕೂರಿಸಿದರು. ಅಲ್ಲಿಯವರೆಗೆ ಅದು ಮಳೆ ಎಷ್ಟು ಕೊಟ್ಟರೆ ಅಷ್ಟೇ ಉಸಿರೆಳೆಯುವ ಹಳೆಯ ಎಂಜಿನ್. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪುಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಸುರಂಗದ ಮೂಲಕ ನೂಕಿ, ವೇದಾವತಿಗೆ ಸೇರಿಸಿ 2019ರಿಂದ ಇಲ್ಲಿಗೆ ಹರಿಸತೊಡಗಿದರು. ಒತ್ತಡದಿಂದ ತುಂಬಿಸುವುದು ಎಂದರೆ ಇದೇ. ಆ ವರ್ಷಗಳಲ್ಲಿ ಮಳೆಯೂ ಚೆನ್ನಾಗಿ ಹಿಡಿದಿತ್ತಲ್ಲ ಎಂಬ ಆಕ್ಷೇಪ ಹಿರಿಯೂರಿನ ರೈತರಿಂದ ಬಂದಿದೆ. ಸಿದ್ಧಾಂತಕ್ಕೆ ತೊಡಕಾಗುವ ಆಕ್ಷೇಪಗಳನ್ನು ಅನುಬಂಧಕ್ಕೆ ತಳ್ಳುವುದು ವಾಡಿಕೆ. ಈ ಪ್ರಬಂಧಕ್ಕೆ ಅನುಬಂಧವಿಲ್ಲ.

ಕೆರೆ ಕಟ್ಟಿಸಿ ನೀರಿಗೆ ಕಾಯುವ ಈ ಸಂಪ್ರದಾಯ ದುರ್ಗಕ್ಕೆ ಹೊಸದಲ್ಲ. ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನದ ವಿಷಯವೂ ಒಂದು ಕೆರೆಯೇ. ಕೆರೆ ಮಾಡಿಸಿದ್ದನ್ನು ಹೇಳುತ್ತದೆ, ಅರಸ ಯಾರ್ಯಾರನ್ನು ಗೆದ್ದ ಎಂಬುದನ್ನು ಹೇಳುತ್ತದೆ. ಕೆರೆ ಯಾವಾಗ ತುಂಬಿತು ಎಂಬುದನ್ನು ಹೇಳುವುದಿಲ್ಲ. ಉದ್ಘಾಟನೆಯ ಫಲಕಗಳ ಶೈಲಿ ಅಷ್ಟು ಪ್ರಾಚೀನ.

ಎರಡು ಬಗೆಯ ಕಾಯುವಿಕೆ

ಇಲ್ಲಿ ಪಂಡಿತರೂ ಎಡವುವ ಒಂದು ಭೇದವನ್ನು ಹೇಳಲೇಬೇಕು. ಪೆಡಲ್ ಒತ್ತಿ ಕಾಯುವುದೆಲ್ಲ ಲ್ಯಾಗ್ ಅಲ್ಲ. ಎಂಜಿನ್ ಒಂದು ಮಟ್ಟಕ್ಕಿಂತ ನಿಧಾನ ತಿರುಗುತ್ತಿದ್ದರೆ ಅದರ ಹೊಗೆಗೆ ಟರ್ಬೊವನ್ನು ಎಬ್ಬಿಸುವ ತಾಕತ್ತೇ ಇರುವುದಿಲ್ಲ. ಆಗ ಎಷ್ಟು ಹೊತ್ತು ಒತ್ತಿಕೊಂಡರೂ ಬರುವುದು ಗೊರಗೊರ ಸದ್ದು ಮಾತ್ರ. ಇದನ್ನು ಹೊಸ್ತಿಲು ಎನ್ನೋಣ. ಹೊಸ್ತಿಲು ದಾಟಿದ ಮೇಲೆ ಒತ್ತಿದರೆ ಟರ್ಬೊ ವೇಗ ಕೂಡಿಸಿಕೊಂಡು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವ ಹಂತಕ್ಕೆ ಬರಲು ಒಂದಿಷ್ಟು ಸಮಯ ಬೇಕು. ಅದು ಲ್ಯಾಗ್. ಮೊದಲನೆಯದು ಕಾದರೂ ಬಾರದ್ದು. ಎರಡನೆಯದು ಕಾದರೆ ಬರುವುದು. ಮೊದಲನೆಯದಕ್ಕೆ ಔಷಧ ಗೇರ್ ಇಳಿಸುವುದು, ಎರಡನೆಯದಕ್ಕೆ ತಾಳ್ಮೆ. ಔಷಧಗಳನ್ನು ಅದಲು ಬದಲು ಮಾಡಿದರೆ ಎದುರಿನಿಂದ ಬರುವ ಕೆಎಸ್‌ಆರ್‌ಟಿಸಿ ಬಸ್ಸು ಪಾಠ ಹೇಳುತ್ತದೆ.

ಜೋಗಿಮಟ್ಟಿಯ ಗುಡ್ಡಸಾಲಿನ ಗಾಳಿಯಂತ್ರಗಳನ್ನು ದುರ್ಗದ ಬಿ.ಡಿ. ರಸ್ತೆಯಿಂದಲೇ ನೋಡಿ ಈ ಭೇದವನ್ನು ಕಲಿಯಬಹುದು. ಸೆಕೆಂಡಿಗೆ ಮೂರು ನಾಲ್ಕು ಮೀಟರ್ ವೇಗದ ಗಾಳಿ ಇಲ್ಲದಿದ್ದರೆ ಅವು ಕರೆಂಟು ಕೊಡುವುದಿಲ್ಲ. ಅದಕ್ಕಿಂತ ಕಡಿಮೆ ಗಾಳಿಯಲ್ಲಿ ಇಡೀ ದಿನ ಕಾದರೂ ಅಷ್ಟೆ. ಅದು ಹೊಸ್ತಿಲು. ಗಾಳಿ ಎದ್ದ ಮೇಲೂ ಆ ಭಾರಿ ರೆಕ್ಕೆಗಳು ಒಮ್ಮೆಗೇ ಓಡುವುದಿಲ್ಲ. ಅದು ಲ್ಯಾಗ್.

ಇದನ್ನು ಆಡಳಿತಕ್ಕೆ ಅನ್ವಯಿಸುವುದು ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು. ಆದರೂ ಒಂದೆರಡು ಉದಾಹರಣೆ ಬಿಟ್ಟರೆ ದುರ್ಗದವರು ಸುಮ್ಮನಿರುವುದಿಲ್ಲ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಪೆಡಲ್ ಒತ್ತಿದ ಸದ್ದು ಇಡೀ ಜಿಲ್ಲೆಗೆ ಕೇಳಿಸಿತು, ಪಟಾಕಿಯೂ ಹೊಡೆದದ್ದಾಯಿತು. ಅಂದಿನಿಂದ ರಾಜ್ಯದ ಮಂತ್ರಿಗಳು ಪತ್ರ ಬರೆಯುತ್ತ, ರೈತರು ಧರಣಿ ಕೂರುತ್ತ, ಎಲ್ಲರೂ ಆರ್‌ಪಿಎಂ ಮುಳ್ಳನ್ನೇ ನೋಡುತ್ತ ಬಂದಿದ್ದಾರೆ. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗ ಮಂಜೂರಾಗಿ ದಶಕ ದಾಟಿದೆ. ಇವು ಲ್ಯಾಗೋ, ಹೊಸ್ತಿಲೋ? ಕಾದರೆ ಬರುವುದೋ, ಗೇರ್ ಇಳಿಸಬೇಕೋ? ನಮ್ಮ ಮಾವನವರ ಮತ ಸ್ಪಷ್ಟವಿದೆ, ಆದರೆ ಅದು ಅಚ್ಚಿಗೆ ಯೋಗ್ಯವಾಗಿಲ್ಲ.

ಕೋಟೆಯ ಸಾಕ್ಷ್ಯ

ಲ್ಯಾಗನ್ನು ರೋಗವೆಂದು ಎಲ್ಲರೂ ತಿಳಿದರೆ, ಅದನ್ನೇ ಆಯುಧ ಮಾಡಿಕೊಂಡವರು ದುರ್ಗದ ಪಾಳೆಯಗಾರರು. ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ಗಮನಿಸಿ. ಒಂದರ ಎದುರು ಇನ್ನೊಂದು ನೇರವಾಗಿ ಇಲ್ಲ. ಬಾಗಿಲು ದಾಟಿದ ಕೂಡಲೇ ದಾರಿ ಎಡಕ್ಕೆ ಹೊರಳುತ್ತದೆ, ಮತ್ತೆ ಬಲಕ್ಕೆ, ಎರಡೂ ಕಡೆ ಆಳೆತ್ತರ ಮೀರಿದ ಗೋಡೆ. ದೂರದಿಂದ ಓಡಿಬಂದು ಬಾಗಿಲಿಗೆ ಗುದ್ದಲು ಆನೆಗೆ ಜಾಗವೇ ಸಿಗಬಾರದು ಎಂಬುದು ಇದರ ಗುಟ್ಟು. ಶತ್ರುವನ್ನು ಸದಾ 1,200 ಆರ್‌ಪಿಎಂನಲ್ಲೇ ಇಡುವ ತಂತ್ರ. ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ 1779ರಲ್ಲಿ ಕೋಟೆ ಹಿಡಿದ. ಅದೂ ಒಳಗಿನವರ ಕೈವಾಡದಿಂದ ಎಂದು ಜನ ಇಂದಿಗೂ ಹೇಳುತ್ತಾರೆ. ನೇರ ಬಲಕ್ಕೆ ಬಗ್ಗಿದ್ದಲ್ಲ.

ಆ ವಿದ್ಯೆ ಅಳಿದಿಲ್ಲ. ಊರೊಳಗಿನ ಹಂಪುಗಳನ್ನು ಹಾಕಿಸಿದವರು ಪಾಳೆಯಗಾರರ ನೇರ ವಾರಸುದಾರರು. ಒಂದು ಹಂಪು ಇಳಿದು, ಎರಡನೇ ಗೇರಿಗೆ ಹಾಕಿ, ಪೆಡಲ್ ಒತ್ತಿ, ಟರ್ಬೊ ಎಚ್ಚರಗೊಂಡು ಇನ್ನೇನು ಕಾರು ಹಾರಬೇಕು ಎನ್ನುವಲ್ಲಿ ಕರಾರುವಾಕ್ಕಾಗಿ ಎರಡನೇ ಹಂಪು ಇರುತ್ತದೆ. ಇಷ್ಟು ನಿಖರವಾದ ಅಂತರವನ್ನು ಲೆಕ್ಕ ಹಾಕದೆ ಇಡಲು ಸಾಧ್ಯವಿಲ್ಲ.

ಲ್ಯಾಗ್ ಇಲ್ಲದ ಮನುಷ್ಯ ಈ ಊರಿನಲ್ಲಿ ಏನಾಗುತ್ತಾನೆ ಎಂಬುದಕ್ಕೂ ಸಾಕ್ಷ್ಯವಿದೆ. 1972ರ 'ನಾಗರಹಾವು' ಚಿತ್ರದ ರಾಮಾಚಾರಿ ಒತ್ತಿದ ಕೂಡಲೇ ಓಡುವ ಜಾತಿ. ಅವನ ಒತ್ತಡ ಏರಲು ಅರೆಕ್ಷಣ ಸಾಕು. ಪುಟ್ಟಣ್ಣ ಕಣಗಾಲರು ಅವನನ್ನು ಕಡೆಗೆ ದುರ್ಗದ ಬೆಟ್ಟದ ತುದಿಗೆ ಒಯ್ದು ನಿಲ್ಲಿಸಿದರು. ಚಾಮಯ್ಯ ಮೇಷ್ಟರಲ್ಲಿ ಒಂದಿಷ್ಟು ಲ್ಯಾಗ್ ಇತ್ತು. ಅದನ್ನು ಅವರು ಶಿಷ್ಯನಿಗೆ ಕಲಿಸಲು ನೋಡಿದರು, ಆಗಲಿಲ್ಲ.

ಹೊಳಲ್ಕೆರೆ ರಸ್ತೆಯ ಪ್ರಯೋಗ

ಈಗ ಪ್ರಾಯೋಗಿಕ ಭಾಗ. ಹಿರಿಯೂರು–ದುರ್ಗದ ನಡುವಿನ ಹೆದ್ದಾರಿ 48ರಲ್ಲಿ ಲ್ಯಾಗ್ ಅಧ್ಯಯನ ಮಾಡಲು ಆಗುವುದಿಲ್ಲ. ಅಲ್ಲಿ ದಾರಿ ಅಗಲ, ವೇಗ ಒಂದೇ ಸಮ, ಟರ್ಬೊ ಸದಾ ಎಚ್ಚರ. ಗುಯಿಲಾಳಿನ ಟೋಲ್ ದಾಟಿ ಹೊರಡುವ ಒಂದು ಗಳಿಗೆ ಬಿಟ್ಟರೆ ಸಂಶೋಧಕನಿಗೆ ಕೆಲಸವಿಲ್ಲ. ಲ್ಯಾಗ್ ತನ್ನ ನಿಜರೂಪ ತೋರುವುದು ದುರ್ಗದಿಂದ ಹೊಳಲ್ಕೆರೆಗೆ, ಅಲ್ಲಿಂದ ಹೊಸದುರ್ಗಕ್ಕೆ ಹೋಗುವಾಗ. ಮುಂದೆ ಅದಿರು ಲಾರಿ, ಗಂಟೆಗೆ 40 ಕಿಲೋಮೀಟರ್ ವೇಗ, ಟಾರ್ಪಾಲು ಗಾಳಿಗೆ ಬಡಿಯುತ್ತಿದೆ. ಹಿಂದೆ ನಾವು, ನಾಲ್ಕನೇ ಗೇರಿನಲ್ಲಿ, ಮುಳ್ಳು 1,300ರ ಆಸುಪಾಸು.

ಮೊದಲು ಸಂಕಲ್ಪ. ಬಲಕ್ಕೆ ತುಸು ಹೊರಬಂದು ಇಣುಕುವುದು. ದೂರದಲ್ಲಿ ಒಂದು ಚುಕ್ಕೆ. ಅದು ಬೈಕೋ ಬಸ್ಸೋ ಎಂಬ ವಿಷಯದಲ್ಲಿ ಕಾರಿನಲ್ಲಿ ಭಿನ್ನಮತ. ನಂತರ ಎಸಿ ವಿಸರ್ಜನೆ. ಎಸಿಯ ಕಂಪ್ರೆಸರ್ ಕೂಡ ಎಂಜಿನ್ನಿನ ಬಲವನ್ನೇ ತಿನ್ನುವುದರಿಂದ, ಓವರ್‌ಟೇಕಿಗೆ ಮುನ್ನ ಅದನ್ನು ಆರಿಸುವುದು ಈ ಸೀಮೆಯ ಸಣ್ಣ ಕಾರಿನವರ ಹಳೆಯ ಆಚಾರ. ಹಿಂದಿನ ಸೀಟಿನಿಂದ "ಅಳಿಯಂದ್ರೇ, ಸೆಕೆ" ಎಂಬ ದನಿ. ನಂತರ ಪೆಡಲ್. ಒಂದು. ಎರಡು. ಲಾರಿಯ ಹಿಂದಿನ ಚಕ್ರದ ಪಕ್ಕಕ್ಕೆ ಬಂದಿದ್ದೇವೆ. ಏನೂ ಆಗುತ್ತಿಲ್ಲ. ಚುಕ್ಕೆ ಬಸ್ಸಾಗಿದೆ. ಲಾರಿ ಡ್ರೈವರ್ ಕರುಣೆಯಿಂದ ನೋಡುತ್ತಿದ್ದಾನೆ. "ರೀ, ಬೇಡ, ಹಿಂದಕ್ಕೆ ಬನ್ರೀ." ಕಾಲು ಪೆಡಲಿನಿಂದ ಬ್ರೇಕಿಗೆ ಹೋಗುವ ಹೊತ್ತಿಗೆ ಸರಿಯಾಗಿ ಟರ್ಬೊ ಬರುತ್ತದೆ. ಬೇಕಾದಾಗ ಬಾರದ ಬಲವೆಲ್ಲ ಬೇಡವಾದಾಗ ಒಟ್ಟಿಗೆ. ಕಾರು ಒಮ್ಮೆ ಜಿಗಿದು, ಮುಗ್ಗರಿಸಿ, ಲಾರಿಯ ಹಿಂದಕ್ಕೆ ಮರಳುತ್ತದೆ. ಎಸಿ ಪುನಃ ಪ್ರತಿಷ್ಠಾಪನೆ.

ಈ ಪ್ರಯೋಗದಿಂದ ಸಿದ್ಧವಾದ ಸೂತ್ರ: ಬೇಕಾದಾಗ ಕೇಳಬೇಡ, ಬೇಕಾಗುವ ಮುನ್ನ ಕೇಳು. ಇದರ ಭಾಷ್ಯ ಹೀಗೆ. ಲಾರಿಯ ಬೆನ್ನಿಗೆ ಅಂಟಿಕೊಳ್ಳದೆ ಹಿಂದೆಯೇ ಜಾಗ ಬಿಟ್ಟುಕೊಂಡು, ಮೂರನೇ ಗೇರಿಗೆ ಇಳಿದು, ಮುಳ್ಳು 2,000 ದಾಟಿದ ಮೇಲೆ, ದಾರಿ ಖಾಲಿ ಎಂದು ಖಾತ್ರಿಯಾದ ಮೇಲೆ ಹೊರಬರಬೇಕು. ಆಗ ಕಾರು ಬೇರೆಯೇ ಕಾರಾಗುತ್ತದೆ. ಹಿರಿಯೂರಿನ ನಮ್ಮ ಮೆಕ್ಯಾನಿಕ್ ಇಷ್ಟನ್ನೂ ಮೂರು ಪದಗಳಲ್ಲಿ ಮುಗಿಸಿದ್ದ: "ಗೇರ್ ಇಳ್ಸಿ ಸಾರ್." ಮೂರು ಪದದ ಮಾತಿಗೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ ಎಂಬ ಕಾರಣಕ್ಕೆ ಇದನ್ನು ಇಲ್ಲಿ ವಿಸ್ತರಿಸಲಾಗಿದೆ.

ಅತ್ತೆಯವರಿಂದಲೂ ಒಂದು ಉಪಸೂತ್ರ ದೊರೆತಿದೆ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಭಕ್ತರು ಬೇಡಿಕೊಂಡು ಕೂರುತ್ತಾರೆ. ಕೊಳದಿಂದ ಪ್ರಸಾದ ತೇಲಿ ಬಂದರೆ ಬೇಡಿದ್ದು ಆಗುತ್ತದೆಂದು ನಂಬಿಕೆ. ನಾನು ಅಸಹನೆಯಿಂದ ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿದ್ದುದನ್ನು ಹಿಂದಿನಿಂದ ಕಂಡ ಅವರು, "ಬೇಡಿಕೊಂಡ ಮೇಲೆ ಸುಮ್ನೆ ಕೂತ್ಕೋಬೇಕಪ್ಪ, ಮತ್ತೆ ಮತ್ತೆ ಕೇಳಿದ್ರೆ ಗಂಗಮ್ಮ ಕೊಡಲ್ಲ" ಎಂದರು. ಅವರಿಗೆ ಟರ್ಬೊ ಎಂದರೇನೆಂದು ಗೊತ್ತಿಲ್ಲ. ಆದರೆ ಪೆಡಲ್ ಬಿಟ್ಟಾಗಲೆಲ್ಲ ಹೊಗೆ ಕುಗ್ಗಿ, ಟರ್ಬೊ ನಿಧಾನವಾಗಿ, ಮೊದಲಿನಿಂದ ಶುರುವಾಗಬೇಕು ಎಂಬುದು ಎಂಜಿನಿಯರಿಂಗ್ ಸತ್ಯ.

ಮೈಲೇಜ್ ಪಂಥದ ಖಂಡನೆ

ಹಾಗಾದರೆ ಸದಾ 2,000ದ ಮೇಲೆ ಓಡಿಸಿದರೆ ತೊಂದರೆಯೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲೇ ಮಾವನವರ ಪಂಥ ಎದ್ದು ನಿಲ್ಲುತ್ತದೆ. ಆ ಪಂಥದ ಪರಮ ಪುರುಷಾರ್ಥ ಮೈಲೇಜ್. ಗೇರನ್ನು ಆದಷ್ಟು ಬೇಗ ಏರಿಸಬೇಕು, ಎಂಜಿನ್ ಗೊಣಗಿದರೂ ಸರಿ, ಡೀಸೆಲ್ ಉಳಿಯಬೇಕು. ಕಾರಿನ ಮೀಟರಿನಲ್ಲಿ ಮಿನುಗುವ ಬಾಣದ ಗುರುತು ಕೂಡ ಅವರ ಪಕ್ಷಕ್ಕೇ ಸೇರಿದ್ದು. 'ಗೇರ್ ಏರಿಸು, ಗೇರ್ ಏರಿಸು' ಎನ್ನುವುದೇ ಅದರ ಜಪ. ಹೀಗೆ ಗೃಹಸ್ಥನ ಬದುಕು 1,300ಕ್ಕೂ 1,700ಕ್ಕೂ ನಡುವೆ, ಟರ್ಬೊ ಸತ್ತಂತಿರುವ ಪ್ರದೇಶದಲ್ಲೇ ಕಳೆಯುತ್ತದೆ. ಲ್ಯಾಗಿಗೆ ಎಂಜಿನ್ ಅರ್ಧ ಕಾರಣ, ಉಳಿದರ್ಧ ಕಾರಣ ನಮ್ಮ ಜೇಬು. ಇದನ್ನು ಯಾವ ಕಂಪನಿಯೂ ಜಾಹೀರಾತಿನಲ್ಲಿ ಬರೆಯುವುದಿಲ್ಲ, ಯಾವ ಮಾವನೂ ಒಪ್ಪುವುದಿಲ್ಲ.

ಅಂಕಿಗಳೂ ಇದನ್ನೇ ಹೇಳುತ್ತವೆ. ನಮ್ಮ ದೇಶದ ಸಣ್ಣ ಡೀಸೆಲ್ ಕಾರುಗಳ ಒಂದು ತಲೆಮಾರೇ ಫಿಯಟ್ ಮೂಲದ 1.3 ಲೀಟರ್ ಎಂಜಿನ್ನಿನ ಮೇಲೆ ಓಡಿತು. ಬೇರೆ ಬೇರೆ ಕಂಪನಿಗಳ ಬಾನೆಟ್ಟಿನಡಿ ಅದೇ ಎಂಜಿನ್ ಇದ್ದುದರಿಂದ ಅಭಿಮಾನಿಗಳು ಅದನ್ನು ರಾಷ್ಟ್ರೀಯ ಎಂಜಿನ್ ಎಂದು ಕರೆದರು. ಅದರ ಸಾದಾ ಅವತಾರ ತನ್ನ ಪೂರ್ಣ ತಿರುಚುಬಲವಾದ 190 ನ್ಯೂಟನ್ ಮೀಟರ್ ಕೊಡುತ್ತಿದ್ದುದು 2,000 ಆರ್‌ಪಿಎಂಗೆ. ಟರ್ಬೊ ಒಳಗಿನ ಪುಟ್ಟ ರೆಕ್ಕೆಗಳು ಹೊಗೆಯ ಹರಿವಿಗೆ ತಕ್ಕಂತೆ ಬಾಗುವ ಇನ್ನೊಂದು ಅವತಾರದಲ್ಲಿ 200 ನ್ಯೂಟನ್ ಮೀಟರ್ 1,750ಕ್ಕೇ ಸಿಗುತ್ತಿತ್ತು. ಆ 250 ಸುತ್ತುಗಳ ವ್ಯತ್ಯಾಸಕ್ಕೆ ಎಂಜಿನಿಯರುಗಳು ಎಷ್ಟು ತಲೆ ಕೆಡಿಸಿಕೊಂಡಿರಬೇಕು! ಮಾವನವರು ಒಂದೇ ಗೇರಿನಲ್ಲಿ ಅದನ್ನು ನಿವಾಳಿಸಿ ಎಸೆಯುತ್ತಾರೆ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಈಗ ಸೆಡಾನುಗಳಲ್ಲಿ 1 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಟರ್ಬೊಗಳು ಬಂದಿವೆ. ಟರ್ಬೊ ಚಿಕ್ಕದು, ಬೇಗ ಎಚ್ಚರವಾಗುತ್ತದೆ. ಹಂಪುಗಳು ಮಾತ್ರ ಹಳೆಯವೇ.

ಮಾವನವರು ಹಿಂದೆ ಡೀಸೆಲ್ ಅಂಬಾಸಿಡರ್ ಇಟ್ಟಿದ್ದವರು. "ನಮ್ಮ ಗಾಡೀಲಿ ಈ ಲ್ಯಾಗು ಗೀಗು ಏನೂ ಇರ್ಲಿಲ್ಲ" ಎಂಬುದು ಅವರ ಪ್ರಮಾಣವಾಕ್ಯ. ಮಾತು ಸತ್ಯ. ಅದಕ್ಕೆ ಟರ್ಬೊ ಇರಲಿಲ್ಲ. ಬರಬೇಕಾದ್ದೇ ಇಲ್ಲದ ಮೇಲೆ ತಡವಾಗಿ ಬರುವುದಾದರೂ ಹೇಗೆ? ಆ ಕಾರು ಹೊಳಲ್ಕೆರೆ ರಸ್ತೆಯಲ್ಲಿ ಯಾವ ಲಾರಿಯನ್ನೂ ಹಿಂದೆ ಹಾಕಿದ್ದನ್ನು ಕಂಡವರಿಲ್ಲ.

ವಿದ್ಯುತ್ ವಾದಿಗಳು

ಕೊನೆಯ ಪೂರ್ವಪಕ್ಷ ಬೆಂಗಳೂರಿನಿಂದ ಬಂದದ್ದು. ನಮ್ಮ ಷಡ್ಡಕರು ಎಲೆಕ್ಟ್ರಿಕ್ ಕಾರು ಕೊಂಡಿದ್ದಾರೆ. ಮೋಟರು ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಕೊಡುತ್ತದೆ, ಹೊಗೆ ಇಲ್ಲ, ಟರ್ಬೊ ಇಲ್ಲ, ಅನ್ಯೋನ್ಯಾಶ್ರಯ ಇಲ್ಲ, ನಿಮ್ಮ ಶಾಸ್ತ್ರವೇ ಇನ್ನು ಬೇಡ ಎಂದು ಫೋನಿನಲ್ಲಿ ಹೇಳಿ ಹೊಸದುರ್ಗದ ಹಬ್ಬಕ್ಕೆ ಹೊರಟರು. ಹಿರಿಯೂರಿನ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಚಾರ್ಜಿಂಗಿಗೆ ನಿಲ್ಲಿಸಿದರು. ಅವರಿಗಿಂತ ಮುಂಚೆ ಒಬ್ಬ ಚಾರ್ಜರು ಹಿಡಿದಿದ್ದ. ಇಡ್ಲಿ ವಡೆ ತಿಂದರು. ಕಾಫಿ ಕುಡಿದರು. ಮಕ್ಕಳು ಇನ್ನೊಮ್ಮೆ ದೋಸೆ ತಿಂದರು. ಅವರು ಹಬ್ಬದೂಟಕ್ಕೆ ಬಂದು ಮುಟ್ಟುವಾಗ ಹೋಳಿಗೆ ಮುಗಿದು ಮಾವನವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪೆಡಲಿನಿಂದ ತೆಗೆದ ಲ್ಯಾಗನ್ನು ಪ್ಲಗ್ಗಿನಲ್ಲಿ ಇಟ್ಟಿದ್ದಾರೆ ಎಂದು ದಾಖಲಿಸಿ ಈ ಪಕ್ಷವನ್ನು ಇಲ್ಲಿಗೇ ಬಿಡಲಾಗಿದೆ.

ಇಳಿಯುವ ವಿಧಿ

ಗೃಹಸ್ಥರಿಗೆ ಹೇಳಲೇಬೇಕಾದ ಒಂದು ವಿಧಿ ಉಳಿದಿದೆ. ದೂರ ಓಡಿಬಂದ ಟರ್ಬೊ ಕಾರನ್ನು ನಿಲ್ಲಿಸಿದ ತಕ್ಷಣ ಆಫ್ ಮಾಡಬಾರದು. ಟರ್ಬೊದ ದಂಡ ತಿರುಗುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಎಂಜಿನ್ ನಿಂತರೆ ಆಯಿಲ್ ನಿಲ್ಲುತ್ತದೆ, ಕೆಂಡದಷ್ಟು ಕಾದ ದಂಡದ ಸುತ್ತ ಉಳಿದದ್ದು ಸುಟ್ಟು ಕರಿಯಾಗುತ್ತದೆ, ಬೇರಿಂಗಿನ ಆಯುಷ್ಯ ಕುಗ್ಗುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಬೇಕು.

ಆದ್ದರಿಂದ ಹೊಸದುರ್ಗದಿಂದ ದುರ್ಗಕ್ಕೆ ಮರಳಿ, ಮನೆಮಂದಿಯೆಲ್ಲ ಇಳಿದು, ತೆಂಗಿನಕಾಯಿ ಮೂಟೆ ಇಳಿಸಿ, ಬಾಗಿಲು ತೆಗೆದು ಒಳಗೆ ಹೋದ ಮೇಲೂ ಗ್ರಂಥಕರ್ತ ಸ್ಟೇರಿಂಗ್ ಹಿಡಿದು ಕೂತಿದ್ದ. ಎದುರುಮನೆಯವರು ಕಾಂಪೌಂಡಿನ ಮೇಲೆ ಕೈಯೂರಿ ಕೇಳಿದರು:

"ಏನ್ ಸಾರ್, ಮನೆ ಬಂದ್ರೂ ಗಾಡಿ ಆಫ್ ಮಾಡಿಲ್ವಲ್ಲ?"

"ಟರ್ಬೊ ಸ್ವಲ್ಪ ಆರ್ಲಿ ಅಂತ ಕಾಯ್ತಿದೀನಿ."

"ಮೊನ್ನೆ ಹೊರಡೋವಾಗ ಅದು ಬರ್ಲಿ ಅಂತ ಕಾಯ್ಬೇಕು ಅಂದ್ರಿ."

"ಹೌದು."

"ಈಗ ಹೋಗ್ಲಿ ಅಂತ ಕಾಯ್ತಿದೀರಿ."

"ಹೌದು."

ಅವರು ತಮ್ಮ ಮನೆಯ ಒಳಗಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು: "ನಮ್ಮನೆ ಬೀಗ್ರೂ ಹಿಂಗೇ ಸಾರ್. ಮೊನ್ನೆ ಬಂದವ್ರು, ಇನ್ನೂ ಐಡ್ಲಿಂಗಲ್ಲೇ ಅವ್ರೆ."